ಹೆದ್ದಾರಿ ಆಚೆಯ ಮಕ್ಕಳು, ಪಟ್ಟಿಯಲ್ಲಿಲ್ಲದ ಮತದಾರರು: ಮಂಗಳೂರಿನ ಒಂದು ವಾರ್ಡಿನ ಪ್ರಕರಣ

ಮಂಗಳೂರು ಮಹಾನಗರ ಪಾಲಿಕೆಯಲ್ಲಿ 60 ವಾರ್ಡ್‌ಗಳಿವೆ. ಇದು ಅವುಗಳಲ್ಲಿ ಒಂದರ ಪ್ರಕರಣ. ಯಾವ ವಾರ್ಡ್, ಯಾವ ಪಕ್ಷ ಎಂದು ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಪಾಲಿಕೆ ಸದಸ್ಯೆಯನ್ನು ಇಲ್ಲಿ ಬರೀ ‘ಸದಸ್ಯೆ’ ಎಂದೇ ಕರೆಯುತ್ತೇನೆ. ವಾರ್ಡ್ ಸಮಿತಿಯ ಸಭೆಗಳಲ್ಲಿ ಕೂತು ನೋಡಿದ್ದು, ಆಮೇಲೆ ಅವರನ್ನೂ ಅಂಗನವಾಡಿ ಟೀಚರನ್ನೂ ಕೇಳಿ ತಿಳಿದದ್ದು, ಎರಡೂ ಇದರಲ್ಲಿ ಸೇರಿವೆ. ಬೇರೆ ಊರಿನ ಸದಸ್ಯರಿಗೆ, ವಾರ್ಡ್ ಸಮಿತಿಯವರಿಗೆ ಉಪಯೋಗವಾಗಬಹುದು.

ವಾರ್ಡಿನ ಸ್ಥಿತಿ

ರಾಷ್ಟ್ರೀಯ ಹೆದ್ದಾರಿ 66 ಈ ವಾರ್ಡನ್ನು ಎರಡು ಭಾಗ ಮಾಡುತ್ತದೆ. ಒಂದು ಕಡೆ ಹಳೆಯ ಮನೆಗಳು, ಫ್ಲಾಟ್‌ಗಳು, ಒಂದು ಸರಕಾರಿ ಶಾಲೆ, ಒಂದು ಅಂಗನವಾಡಿ. ಇಲ್ಲಿ ವಯಸ್ಸಾದವರು ಜಾಸ್ತಿ, ಮಕ್ಕಳು ಕಡಿಮೆ. ಇರುವ ಮಕ್ಕಳೂ ಮೂರು ವರ್ಷ ಆಗುತ್ತಲೇ ವ್ಯಾನ್ ಹತ್ತಿ ಎಲ್‌ಕೆಜಿಗೆ ಹೋಗುತ್ತಾರೆ. ಅಂಗನವಾಡಿಯಲ್ಲಿ ಆಟಿಕೆ ಇತ್ತು, ಮೊಟ್ಟೆ ಇತ್ತು, ಮಕ್ಕಳು ಮಾತ್ರ ಬೆರಳೆಣಿಕೆಯಷ್ಟು.

ಹೆದ್ದಾರಿ ಆಚೆ ನದಿ ಕಡೆಗೆ ತಗ್ಗು ಜಾಗ. ಅಲ್ಲಿ ತಗಡಿನ, ಟಾರ್ಪಾಲಿನ ಶೆಡ್‌ಗಳು. ಬಾಗಲಕೋಟೆ, ಕೊಪ್ಪಳ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ, ಪೈಪ್ ಅಗೆಯುವ ಕೆಲಸಕ್ಕೆ ಬಂದ ಕುಟುಂಬಗಳು. ಕೆಲವರು ಹೋದ ವರ್ಷ ಬಂದವರು, ಕೆಲವರು 15 ವರ್ಷದಿಂದ ಅಲ್ಲೇ ಇರುವವರು. ಊರಿನವರಿಗೆ ಎಲ್ಲರೂ ಒಂದೇ, ‘ಘಟ್ಟದ ಮೇಲಿನವರು’.

2019ರ ನವೆಂಬರ್ 12ರಂದು ಪಾಲಿಕೆ ಚುನಾವಣೆ ನಡೆಯಿತು. ಸದಸ್ಯೆ ಗೆದ್ದದ್ದು ಅದೇ ಮೊದಲು. ಅದಕ್ಕೆ ಮುಂಚೆ ಸ್ವಸಹಾಯ ಗುಂಪಿನ ಲೆಕ್ಕ ಬರೆಯುತ್ತಿದ್ದರು. 2020ರ ಫೆಬ್ರವರಿ ಕೊನೆಗೆ ಮೇಯರ್ ಆಯ್ಕೆಯಾಗಿ ಕೌನ್ಸಿಲ್ ಕೆಲಸ ಶುರುವಾಯಿತು. ಒಂದು ತಿಂಗಳೊಳಗೆ ಲಾಕ್‌ಡೌನ್. ರೇಷನ್ ಕಿಟ್ ಹಂಚಲು ಪಟ್ಟಿ ಬೇಕಾಯಿತು. ಅವರ ಕೈಯಲ್ಲಿದ್ದ ಪಟ್ಟಿ ಒಂದೇ, ಮತದಾರರ ಪಟ್ಟಿ. ಅದರಲ್ಲಿ ಹೆದ್ದಾರಿ ಆಚೆ ಇದ್ದವರ ಹೆಸರು ಹತ್ತಿರ ಹತ್ತಿರ ಇಲ್ಲವೇ ಇಲ್ಲ. ಮನೆಗಳಿವೆ, ಒಲೆಗಳಿವೆ, ಮಕ್ಕಳಿದ್ದಾರೆ, ಕಾಗದದಲ್ಲಿ ಯಾರೂ ಇಲ್ಲ. ಲೆಕ್ಕ ಬರೆದು ರೂಢಿ ಇದ್ದವರು ನೋಡಿ, ಒಂದು ನೋಟ್‌ಬುಕ್ ಮಾಡಿಕೊಂಡರು. ಶೆಡ್, ಊರು, ಎಷ್ಟು ಜನ, ಮಕ್ಕಳ ವಯಸ್ಸು. ಮುಂದಿನ ಐದು ವರ್ಷದ ಕೆಲಸ, ಜಗಳ ಎರಡೂ ಈ ನೋಟ್‌ಬುಕ್ಕಿನಿಂದಲೇ ಹುಟ್ಟಿದ್ದು.

ಮೊದಲು ಮಕ್ಕಳು

ಕೋವಿಡ್ ಕಳೆದು 2021ರ ನವೆಂಬರ್‌ನಲ್ಲಿ ಅಂಗನವಾಡಿಗಳು ಮತ್ತೆ ತೆರೆದವು. ಆಚೆಯ ಮಕ್ಕಳನ್ನು ಈಚೆಯ ಅಂಗನವಾಡಿಗೆ ಕಳಿಸಿ ಎಂದು ಸದಸ್ಯೆ ಶೆಡ್‌ಗಳಲ್ಲಿ ಹೇಳಿ ಬಂದರು. ಎರಡು ವಾರ ಕೆಲವು ಮಕ್ಕಳು ಬಂದರು, ಆಮೇಲೆ ನಿಂತರು. ಕಾರಣ ತಿಳಿಯಲು ದೊಡ್ಡ ಅಧ್ಯಯನ ಬೇಕಿರಲಿಲ್ಲ. ಮೂರು ವರ್ಷದ ಮಗು ಹೆದ್ದಾರಿ ದಾಟುವುದು ಹೇಗೆ? ದಾಟಿಸುವವರು ಯಾರು? ತಾಯಂದಿರು ಮೇಸ್ತ್ರಿಯ ಟೆಂಪೋದಲ್ಲಿ ಏಳೂವರೆಗೆ ಹೋಗಿ ಆಗಿರುತ್ತದೆ. ಅಂಗನವಾಡಿ ತೆರೆಯುವುದು ಒಂಬತ್ತೂವರೆಗೆ.

ಆಚೆಗೇ ಒಂದು ಕೇಂದ್ರ ಕೊಡಿ ಎಂದು ಅರ್ಜಿ ಹಾಕಿದರು. ಅಂಗನವಾಡಿ ನೋಡಿಕೊಳ್ಳುವ ಇಲಾಖೆಯ ಕಚೇರಿಯಿಂದ ಬಂದ ಉತ್ತರ ನಿರೀಕ್ಷಿತವೇ: ವಾರ್ಡಿನಲ್ಲಿ ಈಗಾಗಲೇ ಕೇಂದ್ರ ಇದೆ, ಅಲ್ಲೇ ಹಾಜರಿ ಸಾಲದು, ಇನ್ನೊಂದು ಎಲ್ಲಿಂದ? ನಿಯಮದ ಪ್ರಕಾರ ನಗರದಲ್ಲಿ 400ರಿಂದ 800 ಜನಸಂಖ್ಯೆಗೆ ಒಂದು ಅಂಗನವಾಡಿ. ಆದರೆ ಆಚೆಯ ಜನ ಯಾವ ಜನಸಂಖ್ಯೆಯಲ್ಲೂ ಸೇರಿರಲಿಲ್ಲ.

ಇಲ್ಲಿ ಎರಡು ದಾರಿ ಇದ್ದವು. ಖಾಲಿ ಹೊಡೆಯುವ ಕೇಂದ್ರವನ್ನೇ ಆಚೆಗೆ ಸ್ಥಳಾಂತರಿಸುವುದು ಸುಲಭದ ದಾರಿ. ಕಚೇರಿಯವರೂ ಅದಕ್ಕೆ ಅರ್ಧ ಒಪ್ಪಿದ್ದರು. ಈಚೆಯವರು ಮಾತ್ರ ತಕರಾರು ತೆಗೆದರು. ತಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸದವರೇ ಮುಂದೆ ನಿಂತು, ‘ನಮ್ಮ ಅಂಗನವಾಡಿ ತೆಗೆದು ಅವರಿಗೆ ಯಾಕೆ ಕೊಡುವುದು ಮಾರಾಯ್ರೆ?’ ಎಂದರು. ನಗು ಬರುವ ಮಾತು ಹೌದು. ಆದರೆ ಈಚೆಯ ಗರ್ಭಿಣಿಯರು, ಬಾಣಂತಿಯರು ಆ ಕೇಂದ್ರದಿಂದಲೇ ಆಹಾರ ಪಡೆಯುತ್ತಿದ್ದರು ಎನ್ನುವುದೂ ನಿಜ. ಸದಸ್ಯೆ ಸ್ಥಳಾಂತರದ ಮಾತು ಬಿಟ್ಟರು. ಒಬ್ಬರ ಕೈಯಿಂದ ಕಿತ್ತು ಇನ್ನೊಬ್ಬರಿಗೆ ಕೊಟ್ಟರೆ ಆಚೆಯ ಮಕ್ಕಳ ಮೇಲೆ ಊರಿನ ಸಿಟ್ಟು ಶಾಶ್ವತವಾಗುತ್ತದೆ ಎನ್ನುವುದು ಅವರ ಲೆಕ್ಕ. ನಿಧಾನದ ದಾರಿ ಹಿಡಿದದ್ದು ಸರಿ ಎಂದು ನನಗೂ ಅನಿಸುತ್ತದೆ.

ನಿಧಾನದ ದಾರಿಗೆ ಆಧಾರ ಕೊಟ್ಟದ್ದು ಸುಪ್ರೀಂ ಕೋರ್ಟ್. ಆಹಾರದ ಹಕ್ಕಿನ ಪ್ರಕರಣದಲ್ಲಿ 2006ರ ಡಿಸೆಂಬರ್ 13ರಂದು ಕೋರ್ಟ್ ಒಂದು ಆದೇಶ ಕೊಟ್ಟಿದೆ. ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿದ್ದು ಅಂಗನವಾಡಿ ಇಲ್ಲದ ಹಳ್ಳಿಯವರು, ಕೊಳೆಗೇರಿಯವರು ಕೇಳಿದರೆ ಮೂರು ತಿಂಗಳೊಳಗೆ ಕೊಡಬೇಕು. ಕೇಳಬೇಕಾದವರು ಅಲ್ಲಿನ ಜನ. ಹಾಗಾಗಿ ಎರಡನೇ ಅರ್ಜಿ ಸದಸ್ಯೆಯ ಲೆಟರ್‌ಹೆಡ್‌ನಲ್ಲಿ ಹೋಗಲಿಲ್ಲ. ತಾಯಂದಿರ ಹೆಬ್ಬೆಟ್ಟು, ಸಹಿ ಇದ್ದ ಅರ್ಜಿ ಹೋಯಿತು. ಜತೆಗೆ ಮಕ್ಕಳ ಪಟ್ಟಿ. ಈಚೆಯ ಅಂಗನವಾಡಿ ಟೀಚರ್ ಶೆಡ್ ಶೆಡ್ ತಿರುಗಿ, ನೋಟ್‌ಬುಕ್ ಇಟ್ಟುಕೊಂಡು ಹೊಸದಾಗಿ ಸರ್ವೆ ಮಾಡಿದರು. ಎಣಿಕೆ 40 ದಾಟಿತು. ಶಿಕ್ಷಣ ಹಕ್ಕು ಕಾಯ್ದೆಯ 9ನೇ ಕಲಮನ್ನೂ ಅರ್ಜಿಯಲ್ಲಿ ಸೇರಿಸಿದ್ದರು. 14 ವರ್ಷದವರೆಗಿನ ಮಕ್ಕಳ ದಾಖಲೆ ಇಡುವುದು, ವಲಸೆ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ ಎಂದು ಅದು ಹೇಳುತ್ತದೆ. ‘ಇದು ಪಾಲಿಕೆ ಕೆಲಸ ಅಲ್ಲ’ ಎಂದವರಿಗೆ ತೋರಿಸಲು ಇದು ಒಳ್ಳೆಯದು. ಬಹಳಷ್ಟು ಸದಸ್ಯರಿಗೆ ಗೊತ್ತಿರುವುದಿಲ್ಲ.

ಮೂರು ತಿಂಗಳಲ್ಲಿ ಕೇಂದ್ರ ಬಂತು ಎಂದು ತಿಳಿಯಬೇಡಿ. ಮಂಜೂರಾತಿಗೆ ಹೆಚ್ಚೇ ಸಮಯ ಹಿಡಿಯಿತು. ಮಂಜೂರಾದ ಮೇಲೆ ಕೋಣೆ ಸಿಗಲಿಲ್ಲ. ಬಾಡಿಗೆಗೆ ಕೊಡುವವರು ‘ಶೆಡ್ ಮಕ್ಕಳಾ?’ ಎಂದು ಕೇಳಿ ಸುಮ್ಮನಾಗುತ್ತಿದ್ದರು. ಕೊನೆಗೆ ಒಂದು ಯುವಕ ಮಂಡಲ ತನ್ನ ಕಟ್ಟಡದ ಹಿಂದಿನ ಕೋಣೆ ಕೊಟ್ಟಿತು. ಅಷ್ಟಮಿಯ ಮೊಸರು ಕುಡಿಕೆಯ ಸಾಮಾನು ತುಂಬಿಟ್ಟಿದ್ದ ಕೋಣೆ ಅದು. ಮಂಡಲದ ಹುಡುಗರೇ ಸುಣ್ಣ ಬಳಿದರು.

ಆ ಎರಡು ಗಂಟೆ

ಕೇಂದ್ರ ಬಂದರೂ ಏಳೂವರೆಯಿಂದ ಒಂಬತ್ತೂವರೆ ಹಾಗೆಯೇ ಉಳಿಯಿತು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ಸಂಗತಿ ಇದು. ಆ ಎರಡು ಗಂಟೆ ಚಿಕ್ಕವರನ್ನು ನೋಡಿಕೊಳ್ಳುತ್ತಿದ್ದದ್ದು ಎಂಟು, ಹತ್ತು ವರ್ಷದ ಅಕ್ಕಂದಿರು. ತಮ್ಮನನ್ನು ಅಂಗನವಾಡಿಗೆ ಬಿಟ್ಟು ಇವರು ಶಾಲೆಗೆ ಹೊರಡುವಷ್ಟರಲ್ಲಿ ಅಲ್ಲಿ ಪ್ರಾರ್ಥನೆ ಮುಗಿದು ಪಾಠ ಶುರು. ತಡವಾಗಿ ಹೋದರೆ ಬೈಗುಳ. ಅದಕ್ಕಿಂತ ಹೋಗದೇ ಇರುವುದು ಸುಲಭ. ಹೀಗೆ ಅಂಗನವಾಡಿಯ ಸಮಯ ಹೆಣ್ಣುಮಕ್ಕಳ ಶಾಲೆ ಬಿಡಿಸುತ್ತಿತ್ತು.

ಸದಸ್ಯೆ ಮೊದಲು ಗುತ್ತಿಗೆದಾರರ ಹತ್ತಿರ ಹೋದರು. ಆಗ ಜಾರಿಯಲ್ಲಿದ್ದ ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಪ್ರಕಾರ, 50ಕ್ಕಿಂತ ಹೆಚ್ಚು ಹೆಂಗಸರು ಕೆಲಸ ಮಾಡುವ ಕಡೆ ಮಕ್ಕಳಿಗೆ ಕೋಣೆ ಕೊಡಬೇಕಿತ್ತು. ಇಲ್ಲಿ ಒಂದೊಂದು ಸೈಟಿನಲ್ಲಿ ಹತ್ತಿಪ್ಪತ್ತು ಹೆಂಗಸರು. ಕಾನೂನು ಮುಟ್ಟುತ್ತಲೇ ಇರಲಿಲ್ಲ. 2023ರಲ್ಲಿ ರಾಜ್ಯ ಸರಕಾರ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ಶುರು ಮಾಡಿದಾಗ ಆಸೆ ಹುಟ್ಟಿತು. ಅದು ಗ್ರಾಮ ಪಂಚಾಯತಿಯಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರ ಮಕ್ಕಳಿಗಾಗಿ. ಅದೇ ಕೂಲಿ ಕೆಲಸ, ಅದೇ ಹಸುಗೂಸು. ಪಾಲಿಕೆ ಗಡಿಯೊಳಗೆ ಬಂದರೆ ಮಾತ್ರ ಯೋಜನೆ ಇಲ್ಲ.

ಪರಿಹಾರ ಸಿಕ್ಕಿದ್ದು ಶೆಡ್‌ಗಳ ಒಳಗೇ. ಕೆಲಸಕ್ಕೆ ಹೋಗಲಾಗದ ಒಬ್ಬ ಅಜ್ಜಿ ಇದ್ದರು. ತಾಯಂದಿರು ವಾರಕ್ಕೆ ಇಷ್ಟೆಂದು ಕೂಡಿಸಿ ಕೊಡುವುದು, ಅಜ್ಜಿ ಮಂಡಲದ ಜಗಲಿಯಲ್ಲಿ ಮಕ್ಕಳನ್ನು ಹಿಡಿದಿಟ್ಟುಕೊಳ್ಳುವುದು ಎಂದಾಯಿತು. ಸದಸ್ಯೆ ಮಾಡಿದ್ದು ಜಗಲಿಯ ಅನುಮತಿ ಕೇಳಿದ್ದು, ಶಾಲೆಯ ಮುಖ್ಯ ಶಿಕ್ಷಕರ ಜತೆ ಮಾತಾಡಿದ್ದು, ಅಷ್ಟೇ. ಸರಕಾರದ ಒಂದು ರೂಪಾಯಿಯೂ ಇದರಲ್ಲಿಲ್ಲ. ಆ ಅಕ್ಕಂದಿರಲ್ಲಿ ಹೆಚ್ಚಿನವರು ಶಾಲೆಗೆ ಮರಳಿದರು. ಆದರೆ ಇದನ್ನು ಯಶಸ್ಸಿನ ಕಥೆ ಮಾಡಲು ನನಗೆ ಮನಸ್ಸಿಲ್ಲ. ಬಡವರ ಕೂಲಿಯಿಂದಲೇ ದುಡ್ಡು ಕೂಡಿಸಿ ನಡೆಸುವ ವ್ಯವಸ್ಥೆ ಇದು. ಅಜ್ಜಿಗೆ ಜ್ವರ ಬಂದ ವಾರ ನಿಂತುಹೋಗುತ್ತದೆ. ಇನ್ನೊಂದು ತೊಡಕೂ ಉಂಟು. ಮಳೆಗಾಲಕ್ಕೆ ಇಲ್ಲಿ ಕೆಲಸ ಕಡಿಮೆ, ಊರಲ್ಲಿ ಬಿತ್ತನೆ. ಶಾಲೆ ಶುರುವಾಗುವ ಜೂನ್‌ನಲ್ಲೇ ಕುಟುಂಬಗಳು ಊರಿಗೆ ಹೊರಡುತ್ತವೆ. ಹಾಜರಿ ಪುಸ್ತಕ ನೋಡಿದವರಿಗೆ ಕೇಂದ್ರವೇ ಬೇಡ ಅನಿಸಬೇಕು, ಹಾಗಿರುತ್ತದೆ.

ಒಂದು ಒಳ್ಳೆಯ ವಿಷಯವನ್ನೂ ಹೇಳಬೇಕು. ಸುತ್ತಲಿನ ಮಕ್ಕಳೆಲ್ಲ ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಮಾತಾಡುವವರು. ಕನ್ನಡವೇ ಮನೆಮಾತಾದ ಮಕ್ಕಳನ್ನು ನೋಡಿ ಟೀಚರಿಗೆ ಬಹಳ ಖುಷಿ. ‘ಇವರಿಗೆ ಪದ್ಯ ಬಾಯಿಪಾಠ ಮಾಡಿಸುವುದೇ ಬೇಡ’ ಎನ್ನುತ್ತಿದ್ದರು.

ಓಟಿನ ಪ್ರಶ್ನೆ ಬಂದದ್ದು ಹೇಗೆ

ನಮ್ಮಲ್ಲಿ ಅನೇಕ ಕಡೆ ಅಂಗನವಾಡಿ ಕಾರ್ಯಕರ್ತೆಯರೇ ಮತಗಟ್ಟೆ ಮಟ್ಟದ ಅಧಿಕಾರಿಗಳು, ಅಂದರೆ ಬಿಎಲ್‌ಒ. ಇಲ್ಲೂ ಹಾಗೆಯೇ. ಮಕ್ಕಳ ರಿಜಿಸ್ಟರ್ ಹಿಡಿದ ಟೀಚರ್ ಕೈಯಲ್ಲೇ ಮತದಾರರ ಪಟ್ಟಿಯೂ ಇತ್ತು. ಸರ್ವೆ ಮಾಡುವಾಗ ಅವರಿಗೆ ಕಂಡದ್ದು 18, 19, 20 ವರ್ಷದ ಹುಡುಗ ಹುಡುಗಿಯರು. ಇದೇ ಶೆಡ್‌ಗಳಲ್ಲಿ ಬೆಳೆದವರು. ಅವರ ಹೆಸರು ಊರಿನ ಪಟ್ಟಿಯಲ್ಲೂ ಇಲ್ಲ, ಇಲ್ಲಿಯ ಪಟ್ಟಿಯಲ್ಲೂ ಇಲ್ಲ. ಅರ್ಧಕ್ಕೆ ಶಾಲೆ ಬಿಟ್ಟದ್ದರಿಂದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಇಲ್ಲ. ಜನನ ಪ್ರಮಾಣಪತ್ರ ಮೊದಲೇ ಇಲ್ಲ. ಇದ್ದದ್ದು ಆಧಾರ್. ಅದರಲ್ಲಿ ಹುಟ್ಟಿದ ದಿನ ಬಹಳ ಮಂದಿಗೆ ಜನವರಿ 1. ಅಂದಾಜಿಗೆ ಹಾಕಿದ ದಿನ, ಪಾಪ. ಮತದಾರರ ಪಟ್ಟಿಯ ಅರ್ಹತಾ ದಿನವೂ, ಅಂದರೆ 18 ತುಂಬಿದೆಯೇ ಎಂದು ನೋಡುವ ದಿನವೂ, ಜನವರಿ 1 ಎನ್ನುವುದು ಕಾಕತಾಳೀಯ. 2022ರ ಆಗಸ್ಟ್‌ನಿಂದ ಏಪ್ರಿಲ್, ಜುಲೈ, ಅಕ್ಟೋಬರ್ 1 ಕೂಡ ಅರ್ಹತಾ ದಿನಗಳಾಗಿವೆ.

ಚಿಕ್ಕವರಿದ್ದಾಗ ಕಾಗದ ಇರಲಿಲ್ಲ, ಹಾಗಾಗಿ ದೊಡ್ಡವರಾದಾಗ ಓಟಿಲ್ಲ. ಟೀಚರ್ ಇದನ್ನು ಹೇಳಿದಾಗ ಸದಸ್ಯೆಗೆ ಎರಡೂ ಒಂದೇ ಕೆಲಸ ಅನಿಸಿತು. ಪಕ್ಷದವರಿಗೆ ಮಾತ್ರ ಬೇರೆಯೇ ಅನಿಸಿತು. ಒಂದು ಗುಂಪು ‘ಅಕ್ಕ, ಎಲ್ಲರನ್ನೂ ಸೇರಿಸಿಬಿಡುವ, ನಾವೇ ಫಾರಂ ತುಂಬಿಸುತ್ತೇವೆ’ ಎಂದಿತು. ಇನ್ನೊಂದು ಗುಂಪು ‘ಇವರ ಓಟು ನಮಗೇ ಬೀಳುತ್ತದೆ ಅಂತ ಗ್ಯಾರಂಟಿ ಉಂಟಾ?’ ಎಂದಿತು. ಪಾಲಿಕೆ ಚುನಾವಣೆಯ ವಾರ್ಡ್ ಪಟ್ಟಿ ತಯಾರಾಗುವುದು ವಿಧಾನಸಭೆಯ ಪಟ್ಟಿಯಿಂದಲೇ. ಹಾಗಾಗಿ ಆಚೆಯವರ ಹೆಸರು ಸೇರಿದರೆ ಮುಂದಿನ ವಾರ್ಡ್ ಚುನಾವಣೆಯ ಲೆಕ್ಕ ಬದಲಾಗುತ್ತದೆ. ಎಲ್ಲರ ಕಣ್ಣು ಅದರ ಮೇಲೆ.

ಸದಸ್ಯೆ ಇಲ್ಲಿ ತೆಗೆದುಕೊಂಡ ನಿರ್ಧಾರವೇ ಈ ಪ್ರಕರಣದ ತಿರುವು. ಮಕ್ಕಳ ಸರ್ವೆ ಪಟ್ಟಿಯನ್ನು ಓಟಿನ ಕೆಲಸಕ್ಕೆ ಮುಟ್ಟಬಾರದು ಎಂದರು. ತಮ್ಮ ಲಾಕ್‌ಡೌನ್ ನೋಟ್‌ಬುಕ್ಕನ್ನೂ ಯಾರಿಗೂ ಕೊಡಲಿಲ್ಲ. ನೋಂದಣಿ ಶಿಬಿರ ನಡೆದ ದಿನ ಅತ್ತ ತಲೆ ಹಾಕಲಿಲ್ಲ. ಬ್ಯಾನರಿನಲ್ಲಿ ಅವರ ಫೋಟೋ ಇರಲಿಲ್ಲ. ಮಂಗಳೂರಿನಲ್ಲಿ ಇದು ಸಣ್ಣ ಸಂಗತಿಯಲ್ಲ, ಚರಂಡಿಯ ಸ್ಲ್ಯಾಬ್ ಹಾಕಿದರೂ ಫೋಟೋ ಇರುತ್ತದೆ ಅಲ್ವಾ. ಅವರ ವಾದ ಸರಳ. ಮಗುವಿಗೆ ಮೊಟ್ಟೆ ಸಿಗಬೇಕಾದರೆ ಓಟು ಕೊಡಬೇಕು ಎಂದು ಒಬ್ಬ ತಾಯಿ ತಿಳಿದರೂ ಎರಡೂ ಕೆಲಸ ಕೆಟ್ಟಂತೆ.

ಫಾರಂ 6, ಫಾರಂ 8

ಆದರೂ ಒಬ್ಬ ಮಧ್ಯವರ್ತಿ ನುಗ್ಗಿದ. ಒಂದಿಷ್ಟು ದುಡ್ಡು ತೆಗೆದುಕೊಂಡು ಎಲ್ಲರಿಗೂ ಫಾರಂ 6 ತುಂಬಿಸತೊಡಗಿದ. ಅದು ಹೊಸ ಮತದಾರರ ಫಾರಂ. ಬೇರೆಲ್ಲೂ ಹೆಸರಿಲ್ಲ ಎಂಬ ಘೋಷಣೆ ಅದರಲ್ಲೇ ಇದೆ. ಊರಲ್ಲಿ ಓಟಿದ್ದವರು ಅದಕ್ಕೆ ಸಹಿ ಹಾಕಿದರೆ ಸುಳ್ಳು ಘೋಷಣೆಯಾಗುತ್ತದೆ, ಒಂದು ವರ್ಷದವರೆಗೆ ಜೈಲಿಗೆ ಅವಕಾಶವಿದೆ. ಮೊದಲು ಬೇರೆ ಕ್ಷೇತ್ರಕ್ಕೆ ಹೋಗುವವರೂ ಫಾರಂ 6ನ್ನೇ ತುಂಬುತ್ತಿದ್ದರು. 2022ರ ಆಗಸ್ಟ್ 1ರಿಂದ ವಿಳಾಸ ಬದಲಾವಣೆ ಎಲ್ಲ ಫಾರಂ 8ಕ್ಕೆ ಹೋಯಿತು. ಮಧ್ಯವರ್ತಿಗೆ ಅದು ಗೊತ್ತಿರಲಿಲ್ಲವೋ, ಬೇಕಿರಲಿಲ್ಲವೋ. ಟೀಚರ್ ಗಮನಿಸಿ ಹೇಳಿದ್ದರಿಂದ ಸಲ್ಲಿಕೆಯಾಗುವ ಮೊದಲೇ ಹೆಚ್ಚಿನ ಅರ್ಜಿಗಳನ್ನು ವಾಪಸ್ ಪಡೆದರು.

ಆಮೇಲೆ ವಾರ್ಡ್ ಸಮಿತಿಯ ಇಬ್ಬರು, ಒಂದು ಕಾಲೇಜಿನ ಕೆಲವು ವಿದ್ಯಾರ್ಥಿಗಳು ಸೇರಿ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿದರು. ಇಷ್ಟು ಹೊತ್ತಿಗೆ ಎಲ್ಲರೂ ಮರೆತಿದ್ದ ಪ್ರಶ್ನೆ ಆಗ ಎದ್ದಿತು. ಇವರಿಗೆ ಇಲ್ಲಿ ಓಟು ಬೇಕಾ? ಒಬ್ಬ ಹೆಂಗಸು ನೇರ ಹೇಳಿದರು: ‘ನಮ್ ಓಟ್ ಊರಾಗೈತ್ರಿ, ಅಲ್ಲೇ ಇರ್ಲಿ. ಹೊಲ ಅಲ್ಲೈತಿ, ಪಂಚಾಯ್ತಿಗೆ ನಮ್ಮೈದುನಾನ ನಿಲ್ತಾನ.’ ಓಟು ಬದಲಿಸಿದರೆ ರೇಷನ್ ಕಾರ್ಡ್ ಹೋಗುತ್ತದೆ ಎಂಬ ಹೆದರಿಕೆ ಇನ್ನು ಕೆಲವರಿಗೆ. ಎರಡಕ್ಕೂ ಸಂಬಂಧವಿಲ್ಲ ಎಂದು ವಿವರಿಸಿದರೂ ಪೂರ್ತಿ ನಂಬಲಿಲ್ಲ. ಎಷ್ಟೋ ವರ್ಷದಿಂದ ಇಲ್ಲೇ ನೆಲೆಸಿದವರು ಫಾರಂ 8 ಹಾಕಿದರು. ಹೊಸ ಹುಡುಗರು ಫಾರಂ 6 ಹಾಕಿದರು. ಉಳಿದವರು ಊರಿನ ಓಟನ್ನೇ ಇಟ್ಟುಕೊಂಡರು. ಸಂಖ್ಯೆ ನೋಡಿದರೆ ಈ ಕೊನೆಯವರೇ ಜಾಸ್ತಿ. ಅವರನ್ನು ಒತ್ತಾಯಿಸದೆ ಬಿಟ್ಟದ್ದು ಒಳ್ಳೆಯದಾಯಿತು.

ಶೆಡ್‌ಗೆ ಮನೆ ನಂಬರ್ ಇಲ್ಲ, ಬಾಡಿಗೆ ಕರಾರು ಇಲ್ಲ. ಹಾಗಾದರೆ ವಿಳಾಸದ ಪುರಾವೆ? ಚುನಾವಣಾ ಆಯೋಗದ ಸೂಚನೆಯಲ್ಲಿ ಇದಕ್ಕೆ ದಾರಿ ಇದೆ. ಮನೆ ಇಲ್ಲದವರ ವಿಷಯದಲ್ಲಿ ಬಿಎಲ್‌ಒ ರಾತ್ರಿ ಹೋಗಿ, ಆ ವ್ಯಕ್ತಿ ಅಲ್ಲೇ ಮಲಗುತ್ತಾರಾ ಎಂದು ನೋಡಬೇಕು. ಒಂದಲ್ಲ, ಒಂದಕ್ಕಿಂತ ಹೆಚ್ಚು ರಾತ್ರಿ. ಖಾತ್ರಿಯಾದರೆ ಕಾಗದ ಬೇಡ. ಆ ಸೂಚನೆ ಬರೆದವರಿಗೆ ಬಿಎಲ್‌ಒ ಒಬ್ಬ ಹೆಂಗಸಾಗಿರಬಹುದು, ಹಗಲೆಲ್ಲ ಅಂಗನವಾಡಿ ನಡೆಸಿ ಬಂದಿರಬಹುದು ಎಂದು ಹೊಳೆದಿರಲಿಕ್ಕಿಲ್ಲ. ಟೀಚರ್ ಒಬ್ಬರೇ ಹೋಗುವುದಿಲ್ಲ ಎಂದರು, ನ್ಯಾಯವೇ. ಮೇಲ್ವಿಚಾರಕರು ಜತೆಗೆ ಬರಲು ಒಪ್ಪಿದ ಮೇಲೆ ಭೇಟಿ ನಡೆಯಿತು.

ಬೋಗಸ್ ಓಟು ಸೇರಿಸುತ್ತಿದ್ದಾರೆ ಎಂಬ ಆರೋಪ ಬಂದೇ ಬಂತು. ಕೆಲವರ ಹೆಸರಿಗೆ ಫಾರಂ 7ರಲ್ಲಿ ಆಕ್ಷೇಪವೂ ಬಿತ್ತು. ಆಗ ರಾತ್ರಿ ಭೇಟಿಯ ಟಿಪ್ಪಣಿಗಳೇ ಕೈಹಿಡಿದವು. ಪಕ್ಷದ ಬೂತ್ ಏಜೆಂಟರ ಮೂಲಕ ಕಟ್ಟುಗಟ್ಟಲೆ ಅರ್ಜಿ ಹೋಗಿದ್ದರೆ ಕಥೆ ಬೇರೆಯೇ ಆಗುತ್ತಿತ್ತು. ಏಜೆಂಟ್ ಒಬ್ಬರು ದಿನಕ್ಕೆ 10 ಅರ್ಜಿಗಿಂತ ಹೆಚ್ಚು ಕೊಡುವಂತಿಲ್ಲ, ಒಟ್ಟು 30 ದಾಟಿದರೆ ಮೇಲಿನ ಅಧಿಕಾರಿ ಮರುಪರಿಶೀಲಿಸಬೇಕು. ಇಲ್ಲಿ ಪ್ರತಿಯೊಂದು ಅರ್ಜಿಯೂ ಅವರವರ ಕೈಯಿಂದಲೇ ಹೋಗಿತ್ತು.

2023ರ ಮೇ 10ರ ವಿಧಾನಸಭೆ ಚುನಾವಣೆಯಲ್ಲಿ ಆ ಹುಡುಗರು ಮೊದಲ ಸಲ ಓಟು ಹಾಕಿದರು. ಅದೇ ಚುನಾವಣೆಯಲ್ಲಿ 80 ದಾಟಿದವರಿಗೆ, ಶೇಕಡ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಬಂತು. ಈಚೆಯ ಹಿರಿಯರಿಗೆ ಅದು ಅನುಕೂಲವಾಯಿತು. ಶಾಲೆಯ ಮತಗಟ್ಟೆಗೆ ಮರದ ರ‍್ಯಾಂಪ್ ಇಟ್ಟರು. ಆ ಶಾಲೆಯಲ್ಲಿ ಗಾಲಿಕುರ್ಚಿಯ ಮಗುವೊಂದು ಓದುತ್ತಿತ್ತು. ಅದಕ್ಕಾಗಿ ರ‍್ಯಾಂಪ್ ಕೇಳಿದ ಅರ್ಜಿ ಬಹಳ ದಿನದಿಂದ ಬಿದ್ದಿತ್ತು. ಚುನಾವಣೆ ಮುಗಿದು ಮರದ ರ‍್ಯಾಂಪ್ ಹೊತ್ತುಕೊಂಡು ಹೋಗಲು ಬಂದಾಗ ಸದಸ್ಯೆ ಫೋಟೋ ತೆಗೆದು ಸಭೆಯಲ್ಲಿ ತೋರಿಸಿದರು. ವಾರ್ಡ್ ಅನುದಾನದಲ್ಲಿ ಸಿಮೆಂಟಿನ ರ‍್ಯಾಂಪ್ ಆಯಿತು.

2024ರಲ್ಲಿ ತೊಡಕಾದದ್ದು ಊರಿನ ಓಟು ಇಟ್ಟುಕೊಂಡವರಿಗೆ. ದಕ್ಷಿಣ ಕನ್ನಡದಲ್ಲಿ ಲೋಕಸಭೆಯ ಮತದಾನ ಏಪ್ರಿಲ್ 26ಕ್ಕೆ, ಬಾಗಲಕೋಟೆ, ಕೊಪ್ಪಳ, ರಾಯಚೂರಿನಲ್ಲಿ ಮೇ 7ಕ್ಕೆ. ಮೇ 7 ಮಂಗಳೂರಿಗೆ ಮಾಮೂಲಿ ಕೆಲಸದ ದಿನ. ಕೂಲಿಯವರಿಗೂ ಮತದಾನದ ದಿನ ಸಂಬಳ ಸಹಿತ ರಜೆ ಇದೆ, ಬೇರೆ ಕ್ಷೇತ್ರದಲ್ಲಿ ದುಡಿಯುತ್ತಿದ್ದರೂ ಇದೆ. ಕೊಡದಿದ್ದರೆ ದಂಡ 500 ರೂಪಾಯಿವರೆಗೆ. ಮೇಸ್ತ್ರಿಗಳು ಹೆದರುವಷ್ಟು ದೊಡ್ಡ ಮೊತ್ತವೇನಲ್ಲ. ಅದೂ ಅಲ್ಲದೆ ಹೋಗಲು ಒಂದು ರಾತ್ರಿ, ಬರಲು ಒಂದು ರಾತ್ರಿ. ಸದಸ್ಯೆ ಮೇಸ್ತ್ರಿಗಳ ಸಭೆ ಕರೆದರು, ಕೆಲವರು ಒಪ್ಪಿದರು. ಹೋದವರು ಸ್ವಲ್ಪವೇ.

ಕೈಗೆ ಉಳಿದದ್ದು

ಬೇರೆ ವಾರ್ಡಿನವರು ಕೇಳಿದರೆ ನಾನು ತೋರಿಸುವುದು ಅಂಗನವಾಡಿಯನ್ನಲ್ಲ, ಸದಸ್ಯೆ ದೂರ ನಿಂತ ಜಾಗಗಳನ್ನು. ತಾಯಂದಿರ ಅರ್ಜಿ, ಶಿಬಿರದ ದಿನ, ಊರಿನ ಓಟು ಇಟ್ಟುಕೊಂಡವರ ಆಯ್ಕೆ, ಮೂರರಲ್ಲೂ ಅವರು ಹಿಂದೆ ಸರಿದರು. ಅದರಿಂದಲೇ ಆಕ್ಷೇಪಗಳು ಊರ್ಜಿತವಾಗಲಿಲ್ಲ, ಕೇಂದ್ರಕ್ಕೆ ಯಾವ ಪಕ್ಷದ ಬಣ್ಣವೂ ಹತ್ತಲಿಲ್ಲ. ರಾಜಕೀಯವಾಗಿ ಅವರಿಗೆ ಲಾಭವಾಯಿತಾ? ನನಗನಿಸುವಂತೆ ಇಲ್ಲ. ಪಕ್ಷದೊಳಗೆ ‘ಕೆಲಸ ಮಾಡಿದರು, ಹೆಸರು ಮಾಡಲಿಲ್ಲ’ ಎನ್ನುವ ಮಾತಿದೆ, ಅದು ಹೊಗಳಿಕೆಯಲ್ಲ.

2025ರ ಫೆಬ್ರವರಿಯಲ್ಲಿ ಕೌನ್ಸಿಲ್ ಅವಧಿ ಮುಗಿಯಿತು, ಆಡಳಿತಾಧಿಕಾರಿ ಬಂದರು. ಅಂಗನವಾಡಿ ಈಗಲೂ ಯುವಕ ಮಂಡಲದ ಕೋಣೆಯಲ್ಲೇ ನಡೆಯುತ್ತಿದೆ, ಸ್ವಂತ ಜಾಗದ ಕಡತ ಮುಂದೆ ಹೋಗಿಲ್ಲ. ಏಳೂವರೆಯ ಜಗಲಿಯ ವ್ಯವಸ್ಥೆ, ಅಜ್ಜಿ ಊರಿಗೆ ಹೋದ ಮೇಲೆ ನಿಂತು, ಇನ್ನೊಬ್ಬರು ಸಿಕ್ಕ ಮೇಲೆ ಮತ್ತೆ ಶುರುವಾಗಿದೆ. ಹಳೆಯ ಶೆಡ್‌ಗಳಲ್ಲಿ ಕೆಲವನ್ನು ಜಾಗದ ಮಾಲೀಕರು ತೆರವು ಮಾಡಿಸಿದರು. ಅಲ್ಲಿದ್ದ ಕುಟುಂಬಗಳು ಪಕ್ಕದ ವಾರ್ಡಿಗೆ ಹೋಗಿವೆ. ಅವರ ಮಕ್ಕಳನ್ನು ಯಾವ ಕೇಂದ್ರದ ರಿಜಿಸ್ಟರಿನಲ್ಲಿ ಬರೆಯಬೇಕು, ದೊಡ್ಡವರಿಗೆ ಮತ್ತೆ ಫಾರಂ 8 ಯಾರು ಕೊಡಬೇಕು ಎಂದು ಟೀಚರ್ ಅಂಗನವಾಡಿಯ ಕಚೇರಿಗೂ ಚುನಾವಣೆಯ ಕಚೇರಿಗೂ ಬರೆದಿದ್ದಾರೆ.